ಮೇ 31ರ ಮಗು, ಜೂನ್ 2ರ ಮಗು: ಒಂದನೇ ತರಗತಿಯ ವಯಸ್ಸಿನ ಲೆಕ್ಕ

2025ರ ಏಪ್ರಿಲ್ ಮಧ್ಯದಲ್ಲಿ ಶಾಲಾ ಶಿಕ್ಷಣ ಸಚಿವ ಮಧು ಬಂಗಾರಪ್ಪ ಒಂದು ರಿಯಾಯಿತಿ ಪ್ರಕಟಿಸಿದರು. ಯುಕೆಜಿ ಮುಗಿಸಿದ ಮಗುವಿಗೆ ಜೂನ್ 1ಕ್ಕೆ 5 ವರ್ಷ 5 ತಿಂಗಳು ತುಂಬಿದ್ದರೂ ಸಾಕು, ಒಂದನೇ ತರಗತಿಗೆ ಸೇರಿಸಬಹುದು. ಆದರೆ ಇದು 2025-26ಕ್ಕೆ ಮಾತ್ರ. 2026-27ರಿಂದ ಜೂನ್ 1ಕ್ಕೆ ಪೂರ್ತಿ 6 ವರ್ಷ ಆಗಿರಲೇಬೇಕು ಎಂದೂ ಅವರು ಹೇಳಿದರು.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಪಾಲಕರಿಗೆ ಇದರಿಂದ ಸಮಾಧಾನಕ್ಕಿಂತ ಗೊಂದಲವೇ ಜಾಸ್ತಿ ಆಯಿತು. ಅವಕಾಶ ಸಿಕ್ಕಿದೆ ಎಂದು ಈಗಲೇ ಸೇರಿಸಬೇಕಾ? ಒಂದು ವರ್ಷ ತಡೆದರೆ ಮಗುವಿಗೆ ಒಳ್ಳೆಯದಾ? ನಾಲ್ಕೈದು ತಿಂಗಳಿನಿಂದ ಅಂಥದ್ದೇನು ವ್ಯತ್ಯಾಸ ಆಗುತ್ತದೆ? ಕೊನೆಯ ಪ್ರಶ್ನೆಗೆ ಜಗತ್ತಿನ ಬೇರೆ ಬೇರೆ ಕಡೆ ಉತ್ತರ ಹುಡುಕಿದ್ದಾರೆ. ಅದನ್ನು ತಿಳಿದುಕೊಂಡರೆ ಮೊದಲಿನ ಎರಡು ಪ್ರಶ್ನೆಗಳೂ ಸ್ವಲ್ಪ ತಿಳಿಯಾಗುತ್ತವೆ.

ಈ ನಿಯಮ ಬಂದ ದಾರಿ

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಒಂದನೇ ತರಗತಿ 6 ವರ್ಷಕ್ಕೆ ಎಂದಿತು. ಆದರೆ ಕರ್ನಾಟಕದಲ್ಲಿ 5 ವರ್ಷ 5 ತಿಂಗಳಿಗೇ ಮಕ್ಕಳನ್ನು ತೆಗೆದುಕೊಳ್ಳುತ್ತಿದ್ದರು. 2022ರ ಜುಲೈನಲ್ಲಿ ರಾಜ್ಯ ಸರ್ಕಾರ ಇದನ್ನು 6ಕ್ಕೆ ಏರಿಸಿತು. ಆಗಲೇ ನರ್ಸರಿ, ಎಲ್‌ಕೆಜಿಯಲ್ಲಿ ಇದ್ದ ಮಕ್ಕಳ ಪಾಲಕರು ಆಕ್ಷೇಪ ಎತ್ತಿದರು. ಅದೇ ನವೆಂಬರ್‌ನಲ್ಲಿ ಜಾರಿಯನ್ನು 2025-26ಕ್ಕೆ ಮುಂದೂಡಿದರು. ಆ ವರ್ಷ ಬಂದಾಗ ಮತ್ತೊಮ್ಮೆ ಸಡಿಲಿಸಿದರು.

ಮೂರು ವರ್ಷ ಮೊದಲೇ ಹೇಳಿದ್ದ ನಿಯಮವನ್ನು ಶಾಲೆ ತೆರೆಯಲು ಒಂದೂವರೆ ತಿಂಗಳು ಇರುವಾಗ ಬದಲಿಸಿದರೆ ಏನಾಗುತ್ತದೆ? ನಿಯಮವನ್ನು ನಂಬಿ ಎಲ್‌ಕೆಜಿಗೆ ಒಂದು ವರ್ಷ ತಡವಾಗಿ ಸೇರಿಸಿದವರು ಹಿಂದೆ ಉಳಿಯುತ್ತಾರೆ. ನಂಬದೆ ಮೊದಲೇ ಸೇರಿಸಿದವರು ಮುಂದೆ ಹೋಗುತ್ತಾರೆ. ಮುಂದಿನ ಸಲ ನಿಯಮ ಬಂದರೆ ಯಾರು ನಂಬುತ್ತಾರೆ? ನನ್ನ ಮಟ್ಟಿಗೆ ಇದು ಈ ಇಡೀ ವಿಷಯದಲ್ಲಿ ಅತಿ ದೊಡ್ಡ ತಪ್ಪು.

ಕಿವಿ ಮುಟ್ಟಿಸಿ ನೋಡುತ್ತಿದ್ದ ಕಾಲ

ವಯಸ್ಸಿನ ಬಗ್ಗೆ ಇಷ್ಟು ಬಿಗಿ ನಮ್ಮ ಕಡೆ ಹೊಸದು. ಜನನ ಪ್ರಮಾಣಪತ್ರ ಇಲ್ಲದ ಕಾಲದಲ್ಲಿ ಮಾಸ್ತರು ಮಗುವಿನ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಲು ಹೇಳುತ್ತಿದ್ದರು. ಬೆರಳು ಕಿವಿಗೆ ತಾಗಿದರೆ ಒಂದನೇ ಇಯತ್ತೆಗೆ ಹೆಸರು ಹಚ್ಚುತ್ತಿದ್ದರು. ಇಲ್ಲದಿದ್ದರೆ "ಬರೋ ವರ್ಷ ಕರಕೊಂಡ್ ಬರ್ರಿ" ಎಂದು ಕಳಿಸುತ್ತಿದ್ದರು. ಹುಟ್ಟಿದ ದಿನ ಕೇಳಿದರೆ ಮನೆಯವರು ಕಾರಹುಣ್ಣಿಮೆ ಮುಂಚೆ, ಎಳ್ಳ ಅಮಾವಾಸ್ಯೆ ಆದಮೇಲೆ ಎಂದು ಹೇಳುತ್ತಿದ್ದರು. ಮಾಸ್ತರು ಲೆಕ್ಕ ಕೂಡಿಸಿ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಹಾಗಾಗಿಯೇ ನಮ್ಮ ಹಿರಿಯರಲ್ಲಿ ಅಷ್ಟೊಂದು ಜನರ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1.

ಆ ಪದ್ಧತಿಗೆ ಮರಳಬೇಕು ಎಂದು ಹೇಳುತ್ತಿಲ್ಲ. ಆದರೆ ಅದರಲ್ಲಿ ಒಂದು ತಿಳಿವಳಿಕೆ ಇತ್ತು. ಕಿವಿ ಮುಟ್ಟಿಸುವವರು ನೋಡುತ್ತಿದ್ದದ್ದು ಮಗುವಿನ ಬೆಳವಣಿಗೆ. ಈಗ ನೋಡುವುದು ತಾರೀಖು ಮಾತ್ರ. ತಾರೀಖಿನಲ್ಲಿ ಯಾರೂ ಮುಲಾಜು ಮಾಡಲು ಆಗುವುದಿಲ್ಲ, ಎಲ್ಲರಿಗೂ ಒಂದೇ ಅಳತೆ. ಅದು ಒಳ್ಳೆಯದೇ. ಆದರೆ ಗೆರೆ ದಾಟಿ ಒಳಗೆ ಬಂದ ಮಕ್ಕಳೆಲ್ಲ ಸಮಾನರು ಎಂದು ನಾವು ಅಂದುಕೊಂಡುಬಿಡುತ್ತೇವೆ. ಸಮಸ್ಯೆ ಶುರುವಾಗುವುದು ಅಲ್ಲಿಂದ.

ಒಂದೇ ವರ್ಗ, ಒಂದು ವರ್ಷದ ಅಂತರ

ಮುಧೋಳದ ಒಂದು ಶಾಲೆಯಲ್ಲಿ 2027ರ ಜೂನ್‌ನಲ್ಲಿ ಇಬ್ಬರು ಮಕ್ಕಳು ಒಂದನೇ ತರಗತಿಗೆ ಬಂದರು ಎಂದು ಇಟ್ಟುಕೊಳ್ಳಿ. ಒಬ್ಬಳು ಹುಟ್ಟಿದ್ದು 2020ರ ಜೂನ್ 2ರಂದು. ಇನ್ನೊಬ್ಬ ಹುಟ್ಟಿದ್ದು 2021ರ ಮೇ 31ರಂದು. 6 ವರ್ಷದ ನಿಯಮದ ಪ್ರಕಾರ ಇಬ್ಬರೂ ಒಂದೇ ವರ್ಗಕ್ಕೆ ಸರಿ. ಆದರೆ ಅವಳಿಗೆ ಹೆಚ್ಚುಕಡಿಮೆ 7 ವರ್ಷ, ಅವನಿಗೆ ಈಗಷ್ಟೇ 6.

ದೊಡ್ಡವರಿಗೆ ಒಂದು ವರ್ಷ ಏನೂ ಅಲ್ಲ. 6 ವರ್ಷದ ಮಗುವಿಗೆ ಅದು ಈವರೆಗಿನ ಬದುಕಿನ ಆರನೇ ಒಂದು ಭಾಗ. ಅಷ್ಟು ಕಾಲ ಜಾಸ್ತಿ ಮಾತು ಕೇಳಿದ್ದಾಳೆ, ಜಾಸ್ತಿ ಓಡಾಡಿದ್ದಾಳೆ. ಬೆರಳಿಗೆ ಬಲ ಬಂದಿದೆ, ಒಂದು ಕಡೆ ಕೂರುವ ತಾಳ್ಮೆ ಬಂದಿದೆ. ಪೆನ್ಸಿಲ್ ಹಿಡಿದು 'ಅ' ತಿದ್ದಲು ಇಬ್ಬರನ್ನೂ ಒಂದೇ ದಿನ ಕೂರಿಸಿದರೆ ಯಾರ ಅಕ್ಷರ ದುಂಡಗೆ ಬರುತ್ತದೆ ಎಂದು ಹೇಳಬೇಕಿಲ್ಲ, ಅಲ್ವಾ?

ಇಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಆ ಹುಡುಗನೂ ಇನ್ನೊಂದು ವರ್ಷದಲ್ಲಿ ಅಲ್ಲಿಗೆ ಬರುತ್ತಾನೆ. ತೊಂದರೆ ಇರುವುದು ನಡುವಿನ ಆ ವರ್ಷದಲ್ಲಿ. ಅಕ್ಕೋರು ಪ್ರಶ್ನೆ ಕೇಳಿದಾಗ ಅವಳ ಕೈ ಮೊದಲು ಮೇಲೇಳುತ್ತದೆ. ಶಾಭಾಸ್ ಅವಳಿಗೆ ಸಿಗುತ್ತದೆ. ಮುಂದಿನ ಸಲ ಅಕ್ಕೋರ ಕಣ್ಣು ತಾನಾಗಿ ಅವಳ ಕಡೆ ಹೋಗುತ್ತದೆ. ಅವನು ಹಿಂದಿನ ಸಾಲಿಗೆ ಸರಿಯುತ್ತಾನೆ. ಮನೆಯಲ್ಲಿ "ನಮ್ಮ ಹುಡುಗ ಸ್ವಲ್ಪ ಮಂದ" ಎಂಬ ಮಾತು ಶುರುವಾಗುತ್ತದೆ. ಅವನ ಕಿವಿಗೂ ಅದು ಬೀಳುತ್ತದೆ. ವಯಸ್ಸಿನಿಂದ ಬಂದ ವ್ಯತ್ಯಾಸಕ್ಕೆ ಬುದ್ಧಿಯ ಹೆಸರು ಅಂಟಿಕೊಳ್ಳುವುದು ಹೀಗೆ. ವಯಸ್ಸಿನ ಅಂತರ ವರ್ಷ ಕಳೆದಂತೆ ಸವೆಯುತ್ತದೆ. ಆದರೆ ಆ ಹೆಸರು ಅಷ್ಟು ಬೇಗ ಸವೆಯುವುದಿಲ್ಲ.

ನಮ್ಮ ದೇಶದಲ್ಲಿ ಒಂದು ವರ್ಗದ ಅಂತರ ಒಂದು ವರ್ಷಕ್ಕೇ ನಿಲ್ಲುವುದಿಲ್ಲ. ಮಕ್ಕಳ ಕಲಿಕೆಯನ್ನು ಅಳೆಯುವ 'ಅಸರ್' ಸಮೀಕ್ಷೆ 2019ರಲ್ಲಿ ದೇಶದ 26 ಜಿಲ್ಲೆಗಳಲ್ಲಿ ಚಿಕ್ಕ ಮಕ್ಕಳನ್ನು ನೋಡಿತು. ಒಂದನೇ ತರಗತಿಯಲ್ಲಿ 6 ವರ್ಷದವರು ಇದ್ದದ್ದು 41.7% ಮಾತ್ರ. 21.9% ಮಕ್ಕಳಿಗೆ 4 ಅಥವಾ 5 ವರ್ಷ. 36.4% ಮಕ್ಕಳಿಗೆ 7 ಅಥವಾ 8. ಒಂದೇ ಪುಸ್ತಕ, ಒಂದೇ ಫಲಕ, ಒಬ್ಬರೇ ಶಿಕ್ಷಕರು. ಅದೇ ವರ್ಗದಲ್ಲಿ ದೊಡ್ಡ ಮಕ್ಕಳು ಚಿಕ್ಕವರಿಗಿಂತ ಚೆನ್ನಾಗಿ ಮಾಡಿದ್ದು ಆ ಸಮೀಕ್ಷೆಯಲ್ಲೂ ಕಂಡಿತು.

ಬೇರೆ ದೇಶಗಳಲ್ಲಿ ಕಂಡದ್ದು

ಕೆಲ್ಲಿ ಬೆಡಾರ್ಡ್ ಮತ್ತು ಎಲಿಜಬೆತ್ ಡುವೀ ಎಂಬ ಅರ್ಥಶಾಸ್ತ್ರಜ್ಞರು 2006ರಲ್ಲಿ ಹಲವು ದೇಶಗಳ ಗಣಿತ, ವಿಜ್ಞಾನ ಅಂಕಗಳನ್ನು ಹುಟ್ಟಿದ ತಿಂಗಳ ಜೊತೆ ಹೋಲಿಸಿದರು. ನೂರು ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದ್ದೇವೆ ಎಂದುಕೊಳ್ಳಿ. ನಾಲ್ಕನೇ ತರಗತಿಯಲ್ಲಿ ಅತಿ ಚಿಕ್ಕ ಮಕ್ಕಳು ಅತಿ ದೊಡ್ಡವರಿಗಿಂತ ಸರಾಸರಿ 4ರಿಂದ 12 ಸ್ಥಾನ ಹಿಂದಿದ್ದರು. ಎಂಟನೇ ತರಗತಿಗೆ ಬಂದಾಗ ಅಂತರ 2ರಿಂದ 9 ಸ್ಥಾನಕ್ಕೆ ಇಳಿದಿತ್ತು. ಇಳಿಯಿತು, ಹೋಗಲಿಲ್ಲ.

ಇದಕ್ಕಿಂತ ಮನಸ್ಸಿಗೆ ತಾಗುವ ಇನ್ನೊಂದು ಅಧ್ಯಯನ 2018ರಲ್ಲಿ ಅಮೆರಿಕದಿಂದ ಬಂತು. ಅಲ್ಲಿನ ಹಲವು ರಾಜ್ಯಗಳಲ್ಲಿ ಶಾಲೆಯ ವಯಸ್ಸಿನ ಗೆರೆ ಸೆಪ್ಟೆಂಬರ್ 1. ಅಂದರೆ ಆಗಸ್ಟ್‌ನಲ್ಲಿ ಹುಟ್ಟಿದವರು ವರ್ಗದಲ್ಲಿ ಅತಿ ಚಿಕ್ಕವರು, ಸೆಪ್ಟೆಂಬರ್‌ನಲ್ಲಿ ಹುಟ್ಟಿದವರು ಅತಿ ದೊಡ್ಡವರು. ಗಮನ ನಿಲ್ಲದಿರುವ, ಅತಿಯಾಗಿ ಚಡಪಡಿಸುವ 'ಎಡಿಎಚ್‌ಡಿ' ಸಮಸ್ಯೆ ಇದೆ ಎಂದು ವೈದ್ಯರು ಗುರುತಿಸಿದ್ದು ಆಗಸ್ಟ್ ಮಕ್ಕಳಲ್ಲಿ 10,000ಕ್ಕೆ 85 ಜನರಿಗೆ. ಸೆಪ್ಟೆಂಬರ್ ಮಕ್ಕಳಲ್ಲಿ 64 ಜನರಿಗೆ. ಬೇರೆ ಗೆರೆ ಇರುವ ರಾಜ್ಯಗಳಲ್ಲಿ ಈ ಎರಡು ತಿಂಗಳ ನಡುವೆ ಇಂಥ ವ್ಯತ್ಯಾಸ ಇರಲಿಲ್ಲ. ಅಂದರೆ ಕೆಲವು ಮಕ್ಕಳು ಬರೀ ವಯಸ್ಸಿನಲ್ಲಿ ಚಿಕ್ಕವರಾಗಿದ್ದಕ್ಕೆ ಔಷಧಿಯವರೆಗೂ ಹೋಗಿರಬಹುದು.

ಸಮಾಧಾನ ಕೊಡುವ ಅಧ್ಯಯನವೂ ಇದೆ. ನಾರ್ವೆಯಲ್ಲಿ ಮಕ್ಕಳನ್ನು ದೊಡ್ಡವರಾಗುವವರೆಗೂ ಹಿಂಬಾಲಿಸಿ ನೋಡಿದ್ದಾರೆ. ಶಾಲೆಗೆ ಬೇಗ ಹೋದದ್ದು, ತಡವಾಗಿ ಹೋದದ್ದು 30 ವರ್ಷದ ಹೊತ್ತಿಗೆ ಸಂಪಾದನೆಯಲ್ಲಿ ಗೊತ್ತೇ ಆಗುತ್ತಿರಲಿಲ್ಲ. ಆದರೆ ನಾರ್ವೆಯ ಶಾಲೆಯಲ್ಲಿ ಯಾರನ್ನೂ ಫೇಲ್ ಮಾಡಿ ಕೂರಿಸುವುದಿಲ್ಲ. ಚಿಕ್ಕ ವಯಸ್ಸಿಗೇ ಜಾಣರು, ದಡ್ಡರು ಎಂದು ಬೇರೆ ಮಾಡುವುದೂ ಇಲ್ಲ. ತಿಂಗಳ ಅಂತರ ಮುಂದೆ ಉಳಿಯುತ್ತದೋ ಕರಗುತ್ತದೋ ಎಂಬುದು ಶಾಲೆ ಹೇಗಿದೆ ಎನ್ನುವುದರ ಮೇಲೆ ನಿಂತಿದೆ ಎಂದು ನನಗೆ ಅನಿಸುವುದು ಇದರಿಂದಲೇ.

ಗೆರೆ ಸರಿಸಿದರೆ ಯಾರಿಗೆ ಲಾಭ?

5 ವರ್ಷ 5 ತಿಂಗಳ ನಿಯಮ ಎಂದರೆ ಗೆರೆ ಜನವರಿ 1ಕ್ಕೆ ಬಿದ್ದ ಹಾಗೆ. ಅಲ್ಲಿ ವರ್ಗದ ಅತಿ ಚಿಕ್ಕ ಮಗು ಡಿಸೆಂಬರ್‌ನದು. 6 ವರ್ಷದ ನಿಯಮದಲ್ಲಿ ಅತಿ ಚಿಕ್ಕ ಮಗು ಮೇ ತಿಂಗಳದು. ಗೆರೆ ಎಲ್ಲೇ ಹಾಕಿ, ಅದರ ಈಚೆ ಬದಿಯಲ್ಲಿ ಒಂದು ಮಗು ಅತಿ ಚಿಕ್ಕದಾಗಿ ನಿಂತೇ ಇರುತ್ತದೆ. ರಿಯಾಯಿತಿಯಿಂದ ಡಿಸೆಂಬರ್ ಮಗುವಿನ ಒಂದು ವರ್ಷ ಉಳಿಯುತ್ತದೆ ನಿಜ. ಆದರೆ ವರ್ಗದಲ್ಲಿ ಅತಿ ಚಿಕ್ಕವರಾಗುವ ಕಷ್ಟವೂ ಅದರ ಪಾಲಿಗೇ ಬರುತ್ತದೆ.

ಹಾಗಾದರೆ 6 ವರ್ಷಕ್ಕೆ ಹೋಗಿ ಏನು ಬಂತು? ಬಂತು. 5 ವರ್ಷ 5 ತಿಂಗಳಲ್ಲಿ ಅತಿ ಚಿಕ್ಕವರಾಗುವುದಕ್ಕೂ 6 ವರ್ಷದಲ್ಲಿ ಅತಿ ಚಿಕ್ಕವರಾಗುವುದಕ್ಕೂ ವ್ಯತ್ಯಾಸ ಇದೆ. ಏಳು ತಿಂಗಳಲ್ಲಿ ಮಗುವಿನ ಕೈ, ಕಣ್ಣು, ನಾಲಿಗೆ ಎಷ್ಟೋ ಪಳಗುತ್ತವೆ. ಅದಕ್ಕೇ 6 ವರ್ಷ ಸರಿ ಎನ್ನುವವರ ವಾದವನ್ನು ನಾನು ಒಪ್ಪುತ್ತೇನೆ. ಅದರಿಂದ ವರ್ಗದೊಳಗಿನ ಅಂತರ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಅದನ್ನು ಮಾತ್ರ ಒಪ್ಪಲಾಗದು.

ರಿಯಾಯಿತಿ ಬೇಕು ಎನ್ನುವ ಪಾಲಕರ ಕಷ್ಟವನ್ನೂ ಸುಮ್ನೆ ತಳ್ಳಿಹಾಕುವಂತಿಲ್ಲ. ಹಳೆಯ ನಿಯಮ ನೋಡಿಕೊಂಡು ಎರಡೂವರೆ ವರ್ಷಕ್ಕೇ ನರ್ಸರಿಗೆ ಕಳಿಸಿದ್ದಾರೆ. ಈಗ ಮತ್ತೆ ಯುಕೆಜಿಗೇ ಫೀ ಕಟ್ಟಬೇಕು. ಗೆಳೆಯರೆಲ್ಲ ಮುಂದಿನ ವರ್ಗಕ್ಕೆ ಹೋದಾಗ ತಾನೊಬ್ಬನೇ ಯಾಕೆ ಉಳಿದೆ ಎಂದು ಮಗು ಕೇಳುತ್ತದೆ. ತಪ್ಪು ಆ ಮಗುವಿನದಲ್ಲ, ಪಾಲಕರದ್ದೂ ಪೂರ್ತಿ ಅಲ್ಲ.

ಕಾಯುವ ವರ್ಷ ಎಲ್ಲರಿಗೂ ಒಂದೇ ಅಲ್ಲ

ಬೆಳಗಾವಿ ಪಟ್ಟಣದ ನೌಕರರ ಮನೆಯ ಮಗು ಕಾಯುವ ವರ್ಷದಲ್ಲಿ ಯುಕೆಜಿಯಲ್ಲಿ ಇರುತ್ತದೆ. ಚಿತ್ರದ ಪುಸ್ತಕ, ಆಟದ ಸಾಮಾನು, ಮಾತಾಡಿಸುವ ದೊಡ್ಡವರು ಸಿಗುತ್ತಾರೆ. ಇಂಡಿ ಕಡೆಯ ತಾಂಡಾದ ಮಗುವಿಗೆ ಆ ವರ್ಷ ಹೇಗೆ ಹೋಗುತ್ತದೆ? ದೀಪಾವಳಿ ಹೊತ್ತಿಗೆ ತಂದೆ ತಾಯಿ ಕಬ್ಬು ಕಡಿಯುವ ಗ್ಯಾಂಗ್ ಜೊತೆ ಹೊರಟರೆ ಮಗುವೂ ಹೊರಡುತ್ತದೆ. ಶಾಲೆಯಲ್ಲಿ ಹೆಸರಿದ್ದರೆ ಋತುಮಾನದ ವಸತಿ ನಿಲಯಕ್ಕೋ ಅಜ್ಜಿಯ ಮನೆಗೋ ಬಿಡುವ ಯೋಚನೆಯಾದರೂ ಬರುತ್ತದೆ. ಹೆಸರೇ ಇಲ್ಲದಿದ್ದರೆ ಆ ಯೋಚನೆಗೂ ಜಾಗ ಇಲ್ಲ.

ಇನ್ನೂ ಒಂದು ಸಂದು ಇದೆ, ಯಾರೂ ಅಷ್ಟಾಗಿ ಮಾತಾಡದ್ದು. ಅಂಗನವಾಡಿ ಇರುವುದು 3ರಿಂದ 6 ವರ್ಷದ ಮಕ್ಕಳಿಗೆ. 2020ರ ಜೂನ್ 2ರಂದು ಹುಟ್ಟಿದ ಮಗುವಿಗೆ 2026ರ ಜೂನ್ 2ಕ್ಕೆ 6 ತುಂಬುತ್ತದೆ. ಅಂಗನವಾಡಿಯ ವಯಸ್ಸು ಮುಗಿಯಿತು. ಒಂದನೇ ತರಗತಿ ಸಿಗುವುದು 2027ರ ಜೂನ್‌ನಲ್ಲಿ. ನಡುವಿನ ಒಂದು ವರ್ಷ ಆ ಮಗು ಎಲ್ಲಿರಬೇಕು? ಫೀ ಕಟ್ಟುವ ಶಕ್ತಿ ಇರುವ ಮನೆಯಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಇಲ್ಲದ ಮನೆಯಲ್ಲಿ ಅದು ತಮ್ಮನನ್ನು ನೋಡಿಕೊಳ್ಳುವ ಮಗು ಆಗುತ್ತದೆ, ಅಥವಾ ಅಕ್ಕನ ಹಿಂದೆ ಹೋಗಿ ಹಾಜರಿಯಲ್ಲಿ ಹೆಸರಿಲ್ಲದೆ ವರ್ಗದಲ್ಲಿ ಕೂರುತ್ತದೆ. ಇಂಥ ಮಗುವನ್ನು ಅಂಗನವಾಡಿಯಲ್ಲೇ ಮುಂದುವರಿಸಬೇಕು, ಊಟವೂ ಸಿಗಬೇಕು ಎಂದು ಸರ್ಕಾರ ಬರೆದುಕೊಡಬೇಕು. 6 ವರ್ಷದ ನಿಯಮವನ್ನು ಒಪ್ಪುವವರು ಮೊದಲು ಕೇಳಬೇಕಾದ್ದು ಇದನ್ನೇ.

ದೊಡ್ಡ ಮಗುವಿಗೂ ನಷ್ಟ ಇದೆ

ಇಲ್ಲಿಯವರೆಗೆ ನೋಡಿದರೆ ವರ್ಗದಲ್ಲಿ ದೊಡ್ಡವರಾಗಿರುವುದೇ ಲಾಭ ಎನಿಸುತ್ತದೆ. ಹೈಸ್ಕೂಲಿಗೆ ಬಂದಾಗ ಲೆಕ್ಕ ತಿರುಗುತ್ತದೆ.

ಎರಡು ದಿನದ ಅಂತರದಲ್ಲಿ ಹುಟ್ಟಿದ ಇಬ್ಬರನ್ನು ನೋಡೋಣ. 2020ರ ಮೇ 31ರ ಮಗು 2026ರಲ್ಲಿ ಶಾಲೆಗೆ ಸೇರುತ್ತದೆ. ಜೂನ್ 2ರ ಮಗು 2027ರಲ್ಲಿ. 2034ರಲ್ಲಿ ಇಬ್ಬರಿಗೂ 14 ತುಂಬುತ್ತದೆ. ಆ ದಿನಕ್ಕೆ ಮೊದಲ ಮಗು 8ನೇ ತರಗತಿ ಮುಗಿಸಿರುತ್ತದೆ. ಎರಡನೆಯದು 7ನೆಯದನ್ನು ಮಾತ್ರ.

14 ಯಾಕೆ ಮುಖ್ಯ? 14ಕ್ಕಿಂತ ಚಿಕ್ಕವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದನ್ನು ಕಾನೂನು ತಡೆಯುತ್ತದೆ. 14 ದಾಟಿದ ಮೇಲೆ ಅಪಾಯ ಇಲ್ಲದ ಕೆಲಸಕ್ಕೆ ಆ ತಡೆ ಇಲ್ಲ. ಶಾಲೆ ಬಿಡಿಸುವ ಮನೆಗಳು ಎಷ್ಟನೇ ತರಗತಿ ಎಂದು ನೋಡುವುದಿಲ್ಲ, ಮಗು ಎಷ್ಟು ಬೆಳೆದಿದೆ ಎಂದು ನೋಡುತ್ತವೆ. ಹುಡುಗ ಮಗ್ಗದ ಮುಂದೆ ಕೂರುವಷ್ಟಾದ, ಹುಡುಗಿ ದೊಡ್ಡವಳಾದಳು ಎಂಬ ಮಾತು ರಬಕವಿ-ಬನಹಟ್ಟಿಯಲ್ಲೂ ಇದೆ, ಇಳಕಲ್ಲಿನಲ್ಲೂ ಇದೆ, ಕಬ್ಬಿನ ಊರುಗಳಲ್ಲೂ ಇದೆ. ವಯಸ್ಸು ನೋಡಿ ಬಿಡಿಸಿದರೆ, ತಡವಾಗಿ ಸೇರಿದ ಮಗು ಒಂದು ವರ್ಗ ಕಡಿಮೆ ಓದಿರುತ್ತದೆ.

ಇದು ಬರೀ ಊಹೆ ಅಲ್ಲ. ಜೋಶುವಾ ಆಂಗ್ರಿಸ್ಟ್ ಮತ್ತು ಅಲನ್ ಕ್ರೂಗರ್ 1991ರಲ್ಲಿ ಅಮೆರಿಕದ ಲೆಕ್ಕ ತೆಗೆದು ಇದನ್ನೇ ತೋರಿಸಿದ್ದರು. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರು ಶಾಲೆಗೆ ಸೇರುವಾಗ ಸ್ವಲ್ಪ ದೊಡ್ಡವರು. ಕಾನೂನು ಬಿಡಲು ಒಪ್ಪುವ ವಯಸ್ಸು ಬಂದಾಗ ಅವರು ಓದಿದ್ದು ಕಡಿಮೆ. ಮುಂದೆ ಸಂಪಾದನೆಯೂ ಸ್ವಲ್ಪ ಕಡಿಮೆ. ಆಂಗ್ರಿಸ್ಟ್ ಅವರಿಗೆ 2021ರಲ್ಲಿ ನೊಬೆಲ್ ಪಾಲು ಬಂತು.

ಹಾಗಾಗಿ ಓದು ನಡುವೆ ನಿಲ್ಲುವ ಭಯ ಇಲ್ಲದ ಮನೆಯಲ್ಲಿ ತಡವಾಗಿ ಸೇರಿಸಿದರೆ ನಷ್ಟ ಕಡಿಮೆ. ಭಯ ಇರುವ ಮನೆಯಲ್ಲಿ ಆ ಒಂದು ವರ್ಷ ಕೊನೆಯಲ್ಲಿ ಕತ್ತರಿಸಿ ಹೋಗಬಹುದು. ಒಂದೇ ನಿಯಮ ಎರಡು ಮನೆಯಲ್ಲಿ ಎರಡು ರೀತಿ ಕೆಲಸ ಮಾಡುತ್ತದೆ.

ಗಡಿ ದಾಟಿದರೆ ಬೇರೆ ಗೆರೆ

ನಮ್ಮ ಜಿಲ್ಲೆಗಳಿಗೆ ಇನ್ನೊಂದು ತೊಡಕು ಇದೆ. ಮಹಾರಾಷ್ಟ್ರದಲ್ಲಿ ಆ ವರ್ಷದ ಡಿಸೆಂಬರ್ 31ಕ್ಕೆ 6 ತುಂಬಿದರೆ ಒಂದನೇ ತರಗತಿ ಸಿಗುತ್ತದೆ. ಕೇಂದ್ರೀಯ ವಿದ್ಯಾಲಯಗಳಲ್ಲಿ ಮಾರ್ಚ್ 31ಕ್ಕೆ 6 ಆಗಿರಬೇಕು. 2020ರ ಆಗಸ್ಟ್‌ನಲ್ಲಿ ನಿಪ್ಪಾಣಿಯಲ್ಲಿ ಹುಟ್ಟಿದ ಮಗುವಿಗೆ 2026ರಲ್ಲಿ ನಮ್ಮ ರಾಜ್ಯದ ಶಾಲೆ ಬಾಗಿಲು ತೆರೆಯುವುದಿಲ್ಲ, ಆಚೆಯ ಕಾಗಲ್‌ನಲ್ಲಿ ತೆರೆಯುತ್ತದೆ. ಅಥಣಿಯವರಿಗೆ ಮಿರಜ, ಚಡಚಣದವರಿಗೆ ಸೊಲ್ಲಾಪುರ ದೂರವಲ್ಲ. ನೆಂಟಸ್ತನ, ದುಡಿಮೆ ಎಲ್ಲ ಗಡಿಯ ಎರಡೂ ಕಡೆ ಹರಡಿರುವ ಮನೆಗಳು ಒಂದು ವರ್ಷ ಉಳಿಸಲು ಮಗುವನ್ನು ಆ ಕಡೆ ಸೇರಿಸಿದರೆ ಆಶ್ಚರ್ಯ ಇಲ್ಲ. ಆ ಮಗು ಕನ್ನಡ ಶಾಲೆಯಿಂದ ಮರಾಠಿ ಶಾಲೆಗೆ ಹೋಗುತ್ತದೆ. ಗಡಿಯಲ್ಲಿ ಮೊದಲೇ ಮಕ್ಕಳು ಕಡಿಮೆ ಇರುವ ಕನ್ನಡ ಶಾಲೆಗೆ ಒಂದೊಂದು ಹೆಸರೂ ಮುಖ್ಯ.

2026ರ ಸಣ್ಣ ಬ್ಯಾಚ್

ನಿಯಮ ಹೇಳಿದಂತೆ ಜಾರಿಯಾದರೆ ಮೊದಲ ವರ್ಷ ಏನಾಗುತ್ತದೆ ಎಂದು ಬೆರಳಲ್ಲೇ ಎಣಿಸಬಹುದು. 2025ರ ರಿಯಾಯಿತಿಯಲ್ಲಿ 2020ರ ಜನವರಿ 1ರವರೆಗೆ ಹುಟ್ಟಿದವರಿಗೆ ಪ್ರವೇಶ ಇತ್ತು. 2026ರಲ್ಲಿ 2020ರ ಜೂನ್ 1ರವರೆಗಿನವರಿಗೆ. ಅಂದರೆ 2026ರಲ್ಲಿ ಹೊಸದಾಗಿ ಅರ್ಹರಾಗುವುದು ಐದೇ ತಿಂಗಳಲ್ಲಿ ಹುಟ್ಟಿದ ಮಕ್ಕಳು. ರಿಯಾಯಿತಿ ಇದ್ದರೂ 2025ರಲ್ಲಿ ತಡೆದವರು ಅದಕ್ಕೆ ಸೇರಬಹುದು, ಆದರೂ ಬ್ಯಾಚ್ ಸಣ್ಣದೇ. 2027ರಲ್ಲಿ ಮತ್ತೆ ಹನ್ನೆರಡು ತಿಂಗಳ ಮಕ್ಕಳು ಬರುತ್ತಾರೆ.

ಮಕ್ಕಳ ಸಂಖ್ಯೆ ನೋಡಿ ಶಿಕ್ಷಕರ ಹುದ್ದೆ ನಿಗದಿಯಾಗುವ ವ್ಯವಸ್ಥೆ ನಮ್ಮದು. ಒಂದನೇ ತರಗತಿಗೆ ನಾಲ್ಕೈದು ಮಕ್ಕಳು ಬಂದ ಸಣ್ಣ ಶಾಲೆಯಲ್ಲಿ ಆ ವರ್ಷ ಹುದ್ದೆ ಹೆಚ್ಚುವರಿ ಎಂದು ಲೆಕ್ಕ ಹಾಕಿದರೆ, ಮರುವರ್ಷ ತುಂಬಿ ಬರುವ ಮಕ್ಕಳಿಗೆ ಕಲಿಸುವವರು ಇರುವುದಿಲ್ಲ. ಈ ಬ್ಯಾಚ್ ಎಸ್‌ಎಸ್‌ಎಲ್‌ಸಿ ಬರೆಯುವ 2036ರವರೆಗೂ ಈ ತಗ್ಗು ಒಂದೊಂದೇ ವರ್ಗ ಮೇಲೇರುತ್ತ ಹೋಗುತ್ತದೆ. ಇಲಾಖೆ ಈಗಲೇ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ವರ್ಗದೊಳಗೆ ಏನು ಮಾಡಬಹುದು

ತಿಂಗಳ ಅಂತರವನ್ನು ಯಾವ ಆದೇಶವೂ ಅಳಿಸುವುದಿಲ್ಲ. ಅದು ಮಗುವಿಗೆ ಪೆಟ್ಟಾಗದಂತೆ ನೋಡಿಕೊಳ್ಳುವ ದಾರಿ ಮಾತ್ರ ಇದೆ, ಮತ್ತು ಅದು ನಮ್ಮ ಸರ್ಕಾರಿ ಶಾಲೆಗಳಲ್ಲಿ ಆಗಲೇ ಇದೆ. 1995ರ ಸುಮಾರಿಗೆ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿ ಆಮೇಲೆ ರಾಜ್ಯಕ್ಕೆಲ್ಲ ಹರಡಿತು. ಅದರಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲಿನಿಂದಲೇ ಹತ್ತುತ್ತದೆ. ಮೇ ತಿಂಗಳ ಮಗು ಎರಡು ಮೆಟ್ಟಿಲು ಕೆಳಗಿದ್ದರೆ ಅದು ಫೇಲ್ ಅಲ್ಲ, ಅಲ್ಲಿಂದ ಮುಂದಕ್ಕೆ ಹೋಗುತ್ತದೆ ಅಷ್ಟೇ. ಖಾಸಗಿ ಶಾಲೆಯಲ್ಲಿ ಯುಕೆಜಿಗೇ ಟೆಸ್ಟ್, ರ‍್ಯಾಂಕ್ ಇಡುವವರು ಚಿಕ್ಕ ಮಗುವಿಗೆ ಮಾಡುವ ಅನ್ಯಾಯ ಎಷ್ಟು ಎಂಬುದು ಇದರ ಪಕ್ಕದಲ್ಲಿ ಇಟ್ಟು ನೋಡಿದರೆ ತಿಳಿಯುತ್ತದೆ. ಒಬ್ಬರೇ ಶಿಕ್ಷಕರ ಮೇಲೆ ಮೂರು ವರ್ಗ ಬಿಟ್ಟರೆ ನಲಿಕಲಿಯೂ ಹೆಸರಿಗಷ್ಟೇ ಉಳಿಯುತ್ತದೆ ಎಂಬುದೂ ಅಷ್ಟೇ ನಿಜ.

ಹಣ ಬೇಡದ ಒಂದು ಕೆಲಸ ಇದೆ. ಹಾಜರಿ ಪುಸ್ತಕದಲ್ಲಿ ಹೆಸರಿನ ಪಕ್ಕ ಹುಟ್ಟಿದ ತಿಂಗಳು ಬರೆದಿಟ್ಟುಕೊಳ್ಳುವುದು. ಅಕ್ಷರ ತಿದ್ದಲು ಒದ್ದಾಡುವ ಮಗುವಿನ ಬಗ್ಗೆ ಪಾಲಕರಿಗೆ ಹೇಳುವ ಮುಂಚೆ ಆ ಸಾಲಿನ ಮೇಲೆ ಒಮ್ಮೆ ಕಣ್ಣು ಹಾಯಿಸಿದರೆ, 'ಮಂದ' ಎಂಬ ಮಾತಿನ ಬದಲು 'ಇನ್ನೂ ಏಳೆಂಟು ತಿಂಗಳು ಚಿಕ್ಕವನು' ಎಂಬ ಮಾತು ಬರುತ್ತದೆ.

ಪಾಲಕರು ನೋಡಬೇಕಾದ ತಾರೀಖು ಎರಡು. ಮಗು 2019ರ ಜೂನ್ 2ರಿಂದ 2020ರ ಜನವರಿ 1ರ ಒಳಗೆ ಹುಟ್ಟಿದ್ದರೆ 2025ರಲ್ಲಿ ಸೇರಿಸುವುದೋ ಬಿಡುವುದೋ ನಿಮ್ಮ ಕೈಯಲ್ಲಿತ್ತು. ಯಾವ ವರ್ಷವೇ ಆಗಲಿ, ಪಕ್ಕದ ಮನೆಯ ಮಗು ಹೋಯಿತು ಎಂದು ಸೇರಿಸಬೇಡಿ. ಮಗು ತನಗೆ ಬೇಕಾದ್ದನ್ನು ಬಾಯಿಬಿಟ್ಟು ಕೇಳುತ್ತದಾ, ಹೇಳಿದ ಕಥೆಯನ್ನು ಕೂತು ಕೇಳುತ್ತದಾ, ನೀವಿಲ್ಲದೆ ಅರ್ಧ ದಿನ ಇರುತ್ತದಾ ಎಂದು ನೋಡಿ. 2020ರ ಜೂನ್ 2ರಿಂದ 2021ರ ಜೂನ್ 1ರ ಒಳಗೆ ಹುಟ್ಟಿದ ಮಗುವಾದರೆ, 2025ರಲ್ಲಿ ಹೇಳಿದ ನಿಯಮದ ಪ್ರಕಾರ ಒಂದನೇ ತರಗತಿ 2027ಕ್ಕೆ. ಆ ಮಗುವಿಗೆ ನಿಮ್ಮ ಊರಿನ ಅಂಗನವಾಡಿಯಲ್ಲಿ 2027ರ ಮೇವರೆಗೆ ಜಾಗ ಇರುತ್ತದಾ ಎಂದು ಈಗಲೇ ಹೋಗಿ ಕೇಳಿ.